ನೆಂಟನ ಗೋಧಿ

ಯಾವ ಕಾಲದ್ದು ಅಂತ ಮಾತ್ರ ನನ್ನ ಕೇಳಬೇಡಿ. ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಲು ಹಿಂದೆ, ಅಷ್ಟು ತಿಳಕೊಳ್ಳಿ. ಆಗ ನೇರಳೆಕೊಪ್ಪಲು ಅಂತ ಒಂದೂರಿತ್ತು. ಈಗಲೂ ಇದೆ, ನಾವು ಕೂತಿರೋದೇ ಅಲ್ಲಿ. ಆದರೆ ಆಗಿನ ಊರು ಬೇರೆ. ಹುಲ್ಲಿನ ಮನೆಗಳು, ಊರ ಮುಂದೆ ಕೆರೆ, ಕೆರೆ ಏರಿ ಪಕ್ಕದಲ್ಲಿ ಮಣ್ಣಿನ ಗೋಡೆಯ ಪುಟ್ಟ ಗುಡಿ, ಗುಡಿ ನೆತ್ತಿ ಮೇಲೊಂದು ಮರದ ಶಿಲುಬೆ. ಆ ಊರಲ್ಲಿ ಕಿತ್ತೇರಮ್ಮ ಅಂತ ಒಬ್ಬಳು ಇದ್ದಳಂತೆ.

ನಾವು ಸಂತಳು ಅನ್ನೋಳನ್ನ ಅವಳು ಇವಳು ಅಂತೀನಿ ಅಂತ ಮುಖ ಸಿಂಡರಿಸಬೇಡಿ. ದೇವರನ್ನೂ ನಾವು ನೀನು ಅಂತಲೇ ಕರೆಯೋದಲ್ವಾ? ಹತ್ತಿರದವರನ್ನ ಹಂಗೇ ಕರೆಯೋದು.

ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿಲ್ಲ. ಒಂದು ತುಂಡು ರಾಗಿ ಹೊಲ, ಒಂದಿಷ್ಟು ಕೋಳಿ, ಒಂದು ಬೀಸೋ ಕಲ್ಲು. ಬಾಯಿ ಮಾತ್ರ ಊರಿಗೆಲ್ಲ ಕೇಳೋ ಹಂಗಿತ್ತಂತೆ. ಸಂತರು ಅಂದರೆ ತಲೆ ಬಗ್ಗಿಸಿ, ಕೈ ಜೋಡಿಸಿ, ಕಣ್ಣು ಅರ್ಧ ಮುಚ್ಚಿ ನಿಂತಿರ್ತಾರೆ ಅಂತ ಪಟ ನೋಡಿ ನೋಡಿ ನೀವು ಅಂದುಕೊಂಡಿದೀರಿ. ಈ ತಾಯಿ ಕೋಳಿ ಕದ್ದ ನಾಯಿಯನ್ನ ಕೆರೆ ಏರಿಯವರೆಗೂ ಅಟ್ಟಿಸಿಕೊಂಡು ಹೋಗಿ, ಬಾಯಿಗೆ ಬಂದಂಗೆ ಬೈದು ಬರೋಳಂತೆ. ಬೈದು ಸಾಕಾದ ಮೇಲೆ ಮನೆಗೆ ಬಂದು ಅದೇ ನಾಯಿಗೆ ಹಿಟ್ಟು ಹಾಕೋಳಂತೆ. ಜಪಸರ ಹಿಡಿದು ಮೊಣಕಾಲೂರಿ ಕೂತಿದ್ದನ್ನ ಕಂಡವರು ಕಮ್ಮಿ. ರಾಗಿ ಬೀಸುವಾಗ ಕಲ್ಲು ಒಂದು ಸುತ್ತು ತಿರುಗಿದರೆ ಒಂದು ನಮೋ ಮರಿಯ. ರಾಗಿ ಮುಗಿಯೋವರೆಗೂ ಜಪ, ಜಪ ಮುಗಿಯೋವರೆಗೂ ರಾಗಿ. ಗುಡೀಲಿ ಆಕಳಿಸುತ್ತಾ ಕೂರೋ ನಿಮಗೆ ಇದನ್ನ ಹೇಳ್ತಾ ಇದೀನಿ, ಕೇಳಿಸ್ತಾ?

ಆಗೆಲ್ಲ ಊರಿಗೆ ಅಂತ ಸ್ವಾಮಿಗಳು ಇರಲಿಲ್ಲ. ಪಟ್ಟಣದಿಂದ ಒಬ್ಬರು ಎತ್ತಿನ ಗಾಡೀಲಿ ಬರೋರು, ಪೂಜೆ ಮಾಡೋರು, ಹೋಗೋರು. ಎದೆವರೆಗೂ ಗಡ್ಡ ಬಿಟ್ಟಿದ್ದರು ಅಂತ ಜನ ಅವರನ್ನ ಗಡ್ಡದ ಸ್ವಾಮಿಗಳು ಅಂತಲೇ ಕರೆಯೋರು. ಪೂಜೇಲಿ ಜನಕ್ಕೆ ಪ್ರಸಾದ ಕೊಡೋಕೆ ರೊಟ್ಟಿ ಬೇಕಲ್ಲ, ತೆಳ್ಳಗೆ, ಬೆಳ್ಳಗೆ, ನಡುವೆ ಶಿಲುಬೆ ಗುರುತು ಇರೋದು. ಅದನ್ನ ಡಬ್ಬೀಲಿ ಹಾಕ್ಕೊಂಡು ತರೋರು. ಗಾಡಿ ಕುಲುಕಾಟಕ್ಕೆ ಊರು ಸೇರೋಷ್ಟರಲ್ಲಿ ಅರ್ಧಕ್ಕರ್ಧ ಪುಡಿ. ಅದಕ್ಕೇ ಸ್ವಾಮಿಗಳು ಒಂದು ಸಲ ಉದ್ದ ಹಿಡಿಯ ಕಬ್ಬಿಣದ ಅಚ್ಚು ತಂದು ಕಿತ್ತೇರಮ್ಮನ ಕೈಗೆ ಕೊಟ್ಟು, ಪಟ್ಟಣದಿಂದ ಗೋಧಿ ಹಿಟ್ಟು ಕಳಿಸ್ತೀನಿ, ಇನ್ನು ಮೇಲೆ ರೊಟ್ಟಿ ನೀನೇ ಸುಡಮ್ಮ ಅಂದರಂತೆ. ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ. ಅಚ್ಚನ್ನ ಬೂದಿ ಹಾಕಿ ತಿಕ್ಕಿ ತಿಕ್ಕಿ, ಮುಖ ಕಾಣೋ ಹಂಗೆ ಮಾಡಿ, ದೇವರ ಪಟದ ಕೆಳಗೆ ಇಟ್ಟುಕೊಂಡಳಂತೆ.

ಒಂದು ಮಳೆಗಾಲ ಹಿಟ್ಟು ಬರಲೇ ಇಲ್ಲ. ದಾರೀಲಿ ಹಳ್ಳ ಬಂದು ಗಾಡಿ ನಿಂತುಹೋಗಿತ್ತು. ಸ್ವಾಮಿಗಳು ಮಾತ್ರ ಹೆಂಗೋ ದಾಟಿಕೊಂಡು ಬಂದರು. ಕಿತ್ತೇರಮ್ಮ ಯೋಚನೆ ಮಾಡಿದಳು. ಹಿಟ್ಟಿಲ್ಲ ಅಂತ ಪೂಜೆ ನಿಲ್ಲಬೇಕಾ? ಮನೇಲಿ ರಾಗಿ ಇಲ್ವಾ? ನುಣ್ಣಗೆ ಬೀಸಿ, ಬಟ್ಟೇಲಿ ಜಾಲಿಸಿ, ಅಚ್ಚಲ್ಲಿ ಒತ್ತಿ, ಚೆಂದಕ್ಕೆ ಸುಟ್ಟು, ತಟ್ಟೇಲಿ ಜೋಡಿಸಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿ ಗುಡಿಗೆ ತಂದಿಟ್ಟಳು.

ಸ್ವಾಮಿಗಳು ಬಟ್ಟೆ ತೆಗೆದು ನೋಡ್ತಾರೆ, ಕಪ್ಪಗೆ, ದುಂಡಗೆ, ಒಂದೊಂದರ ಮೇಲೂ ಒಂದೊಂದು ಶಿಲುಬೆ.

"ಇದೇನಮ್ಮಾ?"

"ರೊಟ್ಟಿ, ಬುದ್ಧಿ."

"ಯಾವ ಹಿಟ್ಟಿನದು?"

"ಇನ್ಯಾವುದು? ರಾಗೀದು."

ಸ್ವಾಮಿಗಳು ನಗೋಕೆ ಶುರುಮಾಡಿದರು. ಗಡ್ಡ ಕುಣಿಯೋ ಹಂಗೆ ನಕ್ಕರಂತೆ, ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರಂತೆ. ಆಮೇಲೆ ಅವಳ ಮುಖ ನೋಡಿ ತಟ್ಟನೆ ನಗು ನಿಲ್ಲಿಸಿದರು. ಇದರಲ್ಲಿ ಪೂಜೆ ಮಾಡೋ ಹಂಗಿಲ್ಲ ತಾಯಿ, ಗೋಧಿಯದ್ದೇ ಆಗಬೇಕು ಅಂತ ಮೆಲ್ಲಗೆ ಹೇಳಿದರು. ಕಿತ್ತೇರಮ್ಮನಿಗೆ ಮೈಯೆಲ್ಲ ಉರಿದುಹೋಯ್ತು.

"ಯಾಕಾಗಲ್ಲ? ನಾವು ದಿನಾ ಉಣ್ಣೋದು ಇದನ್ನೇ. ಇದನ್ನ ಉಂಡೇ ನಿಮ್ಮ ಗುಡಿಗೆ ಮಣ್ಣು ಹೊತ್ತಿದ್ದು. ನಿಮ್ಮ ದೇವರಿಗೇನು ಹಲ್ಲಿಲ್ವಾ?"

ಸ್ವಾಮಿಗಳು ಕೋಪ ಮಾಡಿಕೊಳ್ಳಲಿಲ್ಲ. ದೊಡ್ಡ ಮನುಷ್ಯ ಕಣ್ರಯ್ಯ. ಗುಡಿ ಮೆಟ್ಟಿಲ ಮೇಲೆ ಅವಳ ಎದುರಿಗೇ ಕೂತು ಹೇಳಿದರಂತೆ. ಯೇಸುಸ್ವಾಮಿ ತನ್ನ ಕಡೇ ಊಟದಲ್ಲಿ ಕೈಗೆ ತಗೊಂಡದ್ದು ಅವರೂರಿನ ಗೋಧಿ ರೊಟ್ಟಿ. ಅವತ್ತು ಅವರು ಏನು ಮಾಡಿದರೋ ಅದನ್ನ ಹಂಗೇ ಮಾಡ್ತಾ ಬಂದಿದೀವಿ, ಬದಲಾಯಿಸೋದು ನನ್ನ ಕೈಯಲ್ಲಿಲ್ಲ ಅಂತ. ಕಿತ್ತೇರಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಅವರ ಕಡೆ ರಾಗಿ ಬೆಳೆಯಲ್ವಾ ಅಂತ ಕೇಳಿದಳು. ಬೆಳೆಯಲ್ಲ ಅಂದರು ಸ್ವಾಮಿಗಳು.

"ಹಂಗನ್ನಿ ಮತ್ತೆ. ಅವನು ಪರಸ್ಥಳದ ನೆಂಟ. ಮನೆಗೆ ಬಂದ ನೆಂಟನಿಗೆ ಅವನು ಉಣ್ಣೋದನ್ನೇ ಮಾಡಿಕ್ಕಬೇಕು. ಅದನ್ನ ಮೊದಲೇ ಹೇಳೋದಲ್ವಾ ಬುದ್ಧಿ? ನೆಂಟನಿಗೆ ಅಂತ ಪ್ಯಾಟೆಯಿಂದ ಹಿಟ್ಟು ತರ್ಸೋದು ಮರ್ಯಾದೇನಾ? ನಾನೇ ಬೆಳೀತೀನಿ."

ಇಲ್ಲಿಂದ ಶುರುವಾಯ್ತು ನೋಡಿ.

ರಾಗಿ ನೆಲದಲ್ಲಿ ಗೋಧಿ! ಊರೇ ನಕ್ಕಿತು. ಇನ್ನಾಸಪ್ಪ ಅಂತ ಊರ ಯಜಮಾನ, ಗುಡಿಯ ಕೆಲಸಕಾರ್ಯ ಎಲ್ಲ ಅವನ ಮಾತಿನಂತೆಯೇ ನಡೀಬೇಕು. ಅವನು ಮೂಗು ಮುರಿದು, ಕಿತ್ತೇರಮ್ಮನಿಗೆ ತಲೆ ಕೆಟ್ಟಿದೆ ಅಂದನಂತೆ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆರೆ ನೀರು ಹಿಂದೆ ಸರಿಯೋ ಅಂಚಲ್ಲಿ ಒಂದು ತುಂಡು ಕಪ್ಪು ಮಣ್ಣಿತ್ತು, ತೇವ ಹಿಡಿಯೋ ಮಣ್ಣು. ಸತ್ತವರ ಹಬ್ಬಕ್ಕೆ ಸಮಾಧಿಗಳ ಮೇಲೆ ದೀಪ ಹಚ್ಚಿ ಬಂದ ಮಾರನೇ ದಿನ, ಚಳಿ ಬೀಳ್ತಾ ಇದ್ದ ಹಾಗೇ, ಸ್ವಾಮಿಗಳು ತರಿಸಿಕೊಟ್ಟ ಬೀಜ ಚೆಲ್ಲಿದಳು.

ಮೊದಲ ವರ್ಷ ಮೊಳಕೆ ಬಂತು, ಗುಬ್ಬಿ ಗಿಳಿ ತಿಂದವು. ಗುಬ್ಬಿಗಳು ಅವಳ ಹೆಗಲ ಮೇಲೆ ಕೂತು, ತಪ್ಪಾಯ್ತು ತಾಯಿ ಅಂದವು ಅಂತ ಕೆಲವರು ಹೇಳ್ತಾರೆ. ಸುಳ್ಳು. ಗುಬ್ಬಿ ಗುಬ್ಬಿಯೇ, ತಿಂದು ಹಾರಿಹೋದವು. ಮರುವರ್ಷ ಅವಳು ಕವಣೆ ಹಿಡಿದು, ತಗಡು ಬಡಿದು, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕೊಡದಲ್ಲಿ ನೀರು ಹೊತ್ತು ಹಾಕಿದಳು. ತೆನೆ ಹಾಲುಗಟ್ಟಿತು. ಆಗ ಬಂದವು ನೋಡಿ ಜವರಯ್ಯನ ದನ.

ಕೆರೆ ಆಚೆಗೆ ಮೂಡಲದೊಡ್ಡಿ. ಅವರು ನಮ್ಮ ಗುಡಿಯವರಲ್ಲ, ಅವರ ದೇವರು ದಿಂಡರು ಬೇರೆ. ಪಟ್ಟಣದ ಗಾಡಿ ದಾರಿ ಅವರೂರ ನಡುವೆಯೇ ಹಾದು ನಮ್ಮೂರಿಗೆ ಬರೋದು, ಇದನ್ನ ನೆನಪಲ್ಲಿಟ್ಟುಕೊಳ್ಳಿ. ಜವರಯ್ಯ ಆ ದೊಡ್ಡಿಯವನು, ದನ ಕಾಯೋನು. ಬೇಸಗೇಲಿ ಮನೆಯಲ್ಲಿ ಕಾಳು ಮುಗಿದರೆ ಹೊಲದ ಬದು ಅಗೆದು, ಇಲಿ ಕದ್ದು ಕೂಡಿಟ್ಟ ತೆನೆ ತೆಗೆಯೋದರಲ್ಲಿ ಅವನನ್ನ ಬಿಟ್ಟರಿಲ್ಲ ಅಂತಿದ್ದರು. ಅವನು ಮರದಡಿ ಒಂದು ನಿದ್ದೆ ತೆಗೆಯೋಷ್ಟರಲ್ಲಿ ದನಗಳು ಗೋಧಿಗೆ ನುಗ್ಗಿ ನುಣ್ಣಗೆ ಮೇದುಬಿಟ್ಟವು. ಕೊಪ್ಪಲ ಗಂಡಸರು ಕೋಲು ತಗೊಂಡು ಓಡಿದರು. ಆ ಕಡೆಯವರೂ ಕೋಲು ತಗೊಂಡು ಬಂದರು. ಹೊಡೆದಾಟ ಆಗಲಿಲ್ಲ ಅನ್ನೋದೊಂದೇ ಪುಣ್ಯ. ಅವತ್ತಿಂದ ಎರಡೂರಿಗೂ ಮಾತಿಲ್ಲ, ಕತೆಯಿಲ್ಲ, ಬೆಂಕಿ ಕೇಳೋಕೂ ಹೋಗೋ ಹಂಗಿಲ್ಲ.

ಕಿತ್ತೇರಮ್ಮ ಅವತ್ತು ಬಾಯಿ ಮಾಡಲಿಲ್ಲವಂತೆ. ಮೇದು ಬಿಟ್ಟ ಕೂಳೆ ನಡುವೆ ಕೂತು ಅತ್ತಳಂತೆ. ಪಾಪ, ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅದರ ಮರುವರ್ಷ ಸುತ್ತಲೂ ಮುಳ್ಳು ಬೇಲಿ ಕಟ್ಟಿದಳು. ದನ ಬರಲಿಲ್ಲ, ಹಕ್ಕಿಗಳನ್ನ ಬಿಡಲಿಲ್ಲ. ಇಲಿಗಳು ಅಷ್ಟೋ ಇಷ್ಟೋ ಕಡಿದುಕೊಂಡು ಹೋದವು, ಹೋಗಲಿ ಅಂದಳು. ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗಿ ಜನರ ಹಣೆ ಮೇಲಿನ ಬೂದಿ ಇನ್ನೂ ಅಳಿಯೋಕೆ ಮುಂಚೆ ಗೋಧಿ ಕೊಯ್ದಳು. ದೊಡ್ಡ ರಾಶಿಯೇನಲ್ಲ. ಒಂದು ಮಡಕೆ ತುಂಬಿತು, ಅಷ್ಟೇ. ಆದರೆ ಆ ಮಡಕೆ ನೋಡೋಕೆ ಊರಿಗೆ ಊರೇ ಬಂತಂತೆ. ನಕ್ಕ ಇನ್ನಾಸಪ್ಪನೇ ಒಂದು ಕಾಳು ಬಾಯಿಗೆ ಹಾಕ್ಕೊಂಡು ಕಟುಂ ಅನ್ನಿಸಿ, ಅಬ್ಬಬ್ಬಾ, ಗೋಧಿಯೇ ಕಣ್ರೋ ಅಂದನಂತೆ. ಪಟ್ಟಣಕ್ಕೆ ಹೇಳಿ ಕಳಿಸಿದ್ದೂ ಅವನೇ. ಈ ಪಾಸ್ಕ ಹಬ್ಬಕ್ಕೆ ಸ್ವಾಮಿಗಳು ಡಬ್ಬಿ ತರೋದು ಬೇಡ, ರೊಟ್ಟೀನೂ ಬೇಡ, ಹಿಟ್ಟೂ ಬೇಡ. ನಮ್ಮ ನೆಂಟ ಈ ವರ್ಷ ನಮ್ಮ ನೆಲದ್ದೇ ಉಣ್ತಾನೆ ಅಂತ.

ಪಾಸ್ಕ ಅಂದರೆ ಸುಮ್ಮನೆ ಆಗ್ತದಾ? ಸತ್ತ ಸ್ವಾಮಿ ಎದ್ದು ಬಂದ ದಿನ. ವರ್ಷಕ್ಕೆ ಒಂದು ಸಲವಾದರೂ, ಆ ಹಬ್ಬದಲ್ಲಿ ಪ್ರಸಾದ ತಗೋಬೇಕು ಅಂತ ಜನ ಒಪ್ಪೊತ್ತು ಊಟ ಮಾಡಿಕೊಂಡು, ಜಗಳ ಬಿಟ್ಟು, ಪಾಪ ಹೇಳಿಕೊಂಡು ಕಾಯೋರು. ಹೋದ ಪಾಸ್ಕ ಆದಮೇಲೆ ಹುಟ್ಟಿದವರು, ಮದುವೆಯಾದವರು, ಸಾಯೋ ಹಾಸಿಗೇಲಿದ್ದು ಈ ಪಾಸ್ಕಕ್ಕೆ ಅಂತ ಜೀವ ಹಿಡಿದುಕೊಂಡಿದ್ದವರು, ಎಲ್ಲರೂ ಕಾಯ್ತಾ ಇದ್ದದ್ದು ಆ ಬೆಳಗಿಗೆ. ಆ ಬೆಳಗು ಈಗ ಕಿತ್ತೇರಮ್ಮನ ಮಡಕೇಲಿತ್ತು.

ಆಗ ಮೂಡಲದೊಡ್ಡಿಗೆ ಜ್ವರ ಬಿತ್ತು.

ಎಂಥ ಜ್ವರ ಅಂತ ಹೆಸರು ಗೊತ್ತಿಲ್ಲ. ಬಿಟ್ಟ ಮೇಲೂ ಮನುಷ್ಯ ಏಳ್ತಿರಲಿಲ್ಲವಂತೆ. ಉಂಡದ್ದು ನಿಲ್ತಿರಲಿಲ್ಲ, ರಾಗಿ ಅಂಬಲಿ ಕೊಟ್ಟರೆ ಕರುಳು ಕಿತ್ತು ಬರೋ ಹಂಗೆ ವಾಂತಿ. ನಾಟಿ ವೈದ್ಯ ಬಂದು ನೋಡಿ, ಗೋಧಿ ನೆನೆಸಿ ರುಬ್ಬಿ ಹಾಲು ತೆಗೆದು ಗಂಜಿ ಮಾಡಿ ಗುಟುಕು ಗುಟುಕಾಗಿ ಕುಡಿಸಿ, ಅದೊಂದು ನಿಂತರೆ ಉಳೀತಾರೆ ಅಂದ. ಗೋಧಿ ಎಲ್ಲಿಂದ ತರ್ತಾರೆ? ಸುತ್ತ ಹತ್ತೂರಲ್ಲಿ ಗೋಧಿ ಅಂತ ಇದ್ದದ್ದು ಒಂದೇ ಮಡಕೇಲಿ.

ಒಂದು ಮಧ್ಯಾಹ್ನ ಒಬ್ಬಳು ಹೆಂಗಸು ಕಿತ್ತೇರಮ್ಮನ ಅಂಗಳದ ಆಚೆ ಬಂದು ನಿಂತಳು. ಒಳಗೆ ಬರಲೂ ಇಲ್ಲ, ಕರೆಯಲೂ ಇಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು. ಜವರಯ್ಯನ ಹೆಂಡತಿ ಬೆಟ್ಟವ್ವ. ಕಿತ್ತೇರಮ್ಮ ನೋಡಿದಳು, ಗುರುತು ಹಿಡಿದಳು, ಬಾಯಿ ತೆಗೆದಳು ನೋಡಿ! ವರ್ಷದಿಂದ ಒಳಗಿಟ್ಟುಕೊಂಡಿದ್ದೆಲ್ಲ ಈಚೆಗೆ ಬಂತು.

"ದನ ಮೇಯ್ಸುವಾಗ ನನ್ನ ಕೇಳಿದ್ರಾ? ಹೊಟ್ಟೆಗೆ ಅನ್ನ ತಿಂತೀರಾ ಏನ್ ತಿಂತೀರಾ? ಹಸೀ ತೆನೆ ಕಣೇ, ಹಾಲುಗಟ್ಟಿದ್ದ ತೆನೆ! ಈಗ ಯಾವ ಮುಖ ಇಟ್ಕೊಂಡು ಬಂದ್ಯೇ?"

ಬೆಟ್ಟವ್ವ ಬಾಯಿಂದ ಸೆರಗು ತೆಗೆದಳು. ಗಂಡ ಏಳ್ತಾ ಇಲ್ಲ ಕಣಕ್ಕ ಅಂದಳು, ಅಷ್ಟೇ. ಕಿತ್ತೇರಮ್ಮ ದಡಾರ್ ಅಂತ ಬಾಗಿಲು ಹಾಕಿಕೊಂಡಳು.

ಒಳಗೆ ಹೋಗಿ ರಾಗಿ ಬೀಸೋಕೆ ಕೂತಳಂತೆ. ಕಲ್ಲು ತಿರುಗಿತು, ನಮೋ ಮರಿಯ ಬಾಯಿಗೆ ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಳು, ಬರಲಿಲ್ಲ. ಎದುರಿಗೆ ಮಡಕೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ, ಪಕ್ಕದಲ್ಲಿ ಅಚ್ಚು. ಇದು ನನ್ನದಲ್ಲ, ನೆಂಟನದ್ದು, ನೆಂಟನಿಗೆ ಅಂತ ಇಟ್ಟಿದ್ದನ್ನ ಕಂಡೋರಿಗೆ ಹೆಂಗೆ ಕೊಡಲಿ ಅಂತ ತನಗೆ ತಾನೇ ಗೊಣಗಿಕೊಂಡಳಂತೆ. ಗೊಣಗ್ತಾ ಗೊಣಗ್ತಾ ಒಂದು ಮಾತು ಹೊಳೀತು. ನೆಂಟ ಬರೋದು ಯಾವ ದಾರೀಲಿ? ಪಟ್ಟಣದ ದಾರೀಲಿ. ಆ ದಾರೀಲಿ ಮೊದಲು ಸಿಗೋ ಊರು ಯಾವುದು? ಸ್ವಾಮಿಗಳ ಗಾಡಿ ಎತ್ತುಗಳಿಗೂ ನೀರು ಕುಡಿಸೋದು ಎಲ್ಲಿ? ಅಲ್ಲಿ ಏಳಲಾರದೆ ಮಲಗಿದವರನ್ನ ದಾಟಿಕೊಂಡು ನೆಂಟ ಮುಂದೆ ಬರ್ತಾನಾ?

ಕಲ್ಲು ಬಿಟ್ಟು ಎದ್ದಳು. ಬಾಗಿಲು ತೆಗೆದು ನೋಡಿದರೆ ಬೆಟ್ಟವ್ವ ಕೆರೆ ಏರಿ ಮೇಲೆ ಹೋಗ್ತಾ ಇದ್ದಳು. "ಏ ಬೆಟ್ಟವ್ವಾ, ನಿಂತ್ಕೊಳ್ಳೇ!" ಅಂತ ಕೂಗಿಕೊಂಡು, ಮೊರದಲ್ಲಿ ಗೋಧಿ ಸುರುವಿಕೊಂಡು ಹಿಂದೆ ಓಡಿದಳು. ನಾಯಿ ಅಟ್ಟಿಸಿಕೊಂಡು ಹೋಗ್ತಿದ್ದಳಲ್ಲ, ಅದೇ ಏರಿ ಮೇಲೆ. ಏದುಸಿರು ಬಿಡ್ತಾ ಹೇಳಿದಳಂತೆ.

"ತಗೊಂಡೋಗವ್ವ. ನೆಂಟ ದಾರೀಲೇ ಇಳಕೊಂಡವ್ನೆ, ನಿಮ್ಮನೇಲಿ. ಅವನಿಗೆ ಅಂತ ಇಟ್ಟಿದ್ದು, ಅವನು ಎಲ್ಲವ್ನೋ ಅಲ್ಲಿಗೇ ಕೊಡ್ಬೇಕು."

ಬೆಟ್ಟವ್ವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಮನೆಗೆ ಯಾವ ನೆಂಟನೂ ಬಂದಿರಲಿಲ್ಲ. ಆದರೂ ಗೋಧಿ ಈಸಿಕೊಂಡಳು.

ಒಬ್ಬಳಿಗೆ ಕೊಟ್ಟ ಮೇಲೆ ಇನ್ನೊಬ್ಬಳು ಬರದೆ ಇರ್ತಾಳಾ? ಬಂದರು. ದೊಡ್ಡಿಯ ತುಂಬ ಜ್ವರ. ಕಿತ್ತೇರಮ್ಮ ಎಲ್ಲರಿಗೂ ಒಂದು ಸುತ್ತು ಬೈದು, ಒಂದು ಪಾವು ಕೊಟ್ಟು ಕಳಿಸೋಳಂತೆ. ಆಮೇಲಾಮೇಲೆ ತಾನೇ ಹೋಗಿ ಗಂಜಿ ಕಾಯಿಸಿ, ತಲೆ ಎತ್ತಿ ಹಿಡಿದು ಕುಡಿಸಿ ಬರೋಳಂತೆ. ಕುಡಿಸುವಾಗಲೂ, ನುಂಗು, ಮುಖ ಏನು ನೋಡ್ತೀಯಾ ಅಂತ ಗದರೋಳಂತೆ. ಅವಳು ಎಷ್ಟು ಕೊಟ್ಟರೂ ಮಡಕೆ ಬರಿದಾಗಲೇ ಇಲ್ಲ ಅಂತ ಕೆಲವರು ಕಥೆ ಕಟ್ಟಿದಾರೆ. ಅಂಥವರ ಮಾತು ಕೇಳಬೇಡಿ. ಬರಿದಾಯ್ತು. ತಳದ ಕಾಳನ್ನೂ ಕೈಯಾಡಿಸಿ ಬಳಿದು ಕೊಟ್ಟಳು. ಬರಿದಾಗದ ಮಡಕೇಲಿ ಕೊಡೋದು ಯಾವ ದೊಡ್ಡ ಕೆಲಸ? ಅದನ್ನ ನೀವೂ ಮಾಡ್ತೀರಿ, ನಾನೂ ಮಾಡ್ತೀನಿ.

ಶುಭ ಶುಕ್ರವಾರ, ಯೇಸುಸ್ವಾಮಿ ಶಿಲುಬೆ ಮೇಲೆ ಸತ್ತ ದಿನ, ಗಡ್ಡದ ಸ್ವಾಮಿಗಳು ಬಂದರು. ಡಬ್ಬಿ ತಂದಿರಲಿಲ್ಲ, ಬೇಡ ಅಂದಿದ್ದರಲ್ಲ. ಶಿಲುಬೆಗೆ ಮುತ್ತಿಟ್ಟು ಜನ ಈಚೆ ಬಂದಾಗ ಇನ್ನಾಸಪ್ಪ, ಎಲ್ಲಿ, ಗೋಧಿ ತೆಗಿ, ಸ್ವಾಮಿಗಳು ನೋಡಲಿ ಅಂದ. ಕಿತ್ತೇರಮ್ಮ ಮಡಕೆ ತಂದು ಬೋರಲು ಹಾಕಿದಳು.

ಅಯ್ಯೋ ದೇವರೇ, ಅವತ್ತಿನ ಗಲಾಟೆ! ಪಟ್ಟಣಕ್ಕೆ ಹೋಗಿ ತರೋಣ ಅಂದರೆ ಗಾಡಿ ಹೋಗಿ ಬರೋಷ್ಟರಲ್ಲಿ ಹಬ್ಬ ಮುಗಿದಿರುತ್ತೆ. ಪಾಸ್ಕದ ದಿನ ಪೂಜೆಯಿಲ್ಲ. ಹೆಂಗಸರು ಬಾಯಿಗೆ ಸೆರಗು ಹಾಕಿಕೊಂಡರು. ತನ್ನ ಮುದಿ ತಾಯಿ ಈ ಪ್ರಸಾದಕ್ಕೆ ಅಂತಲೇ ಉಸಿರು ಹಿಡಿದುಕೊಂಡಿದಾಳೆ ಅಂತ ಒಬ್ಬ ಅತ್ತುಬಿಟ್ಟ. ಆ ಮಾತು ಕಿತ್ತೇರಮ್ಮನ ಎದೆಗೆ ನಾಟಿತು. ಇನ್ನಾಸಪ್ಪ ಕೆಂಡವಾದ. ನಮ್ಮ ಬೆಳೆ ಮೇಯಿಸಿದ ಕಳ್ಳರಿಗೆ ದೇವರ ಗೋಧಿ ಸುರಿದು ಬಂದಿದೀಯಾ, ಅಚ್ಚು ಈಚೆ ಇಡು, ಇನ್ನು ಮೇಲೆ ಅದನ್ನ ಮುಟ್ಟಬೇಡ ಅಂದ. ಕಿತ್ತೇರಮ್ಮ ಮನೆಗೆ ಹೋಗಿ ಅಚ್ಚು ತಂದು ಗುಡಿ ಮೆಟ್ಟಿಲ ಮೇಲೆ ಇಟ್ಟಳು.

ಜನ ಚೆದುರಿದ ಮೇಲೆ ಸ್ವಾಮಿಗಳ ಹತ್ತಿರ ಹೋಗಿ, ನಾನು ತಪ್ಪು ಮಾಡಿದೆನಾ ಬುದ್ಧಿ ಅಂತ ಕೇಳಿದಳು. ಸ್ವಾಮಿಗಳು ಗಡ್ಡ ನೀವಿಕೊಂಡರು.

"ನೀನು ಮಾಡಿದ್ದು ತಪ್ಪಲ್ಲ ತಾಯಿ. ಆದರೆ ನಾಳಿದ್ದು ನಮ್ಮ ಹತ್ತಿರ ರೊಟ್ಟಿಯೂ ಇಲ್ಲ. ಎರಡೂ ನಿಜವೇ. ಎರಡನ್ನೂ ಅವನ ಮುಂದೆ ಇಡೋಣ."

ಈ ಮಾತು ನನಗೆ ಬಹಳ ಹಿಡಿಸುತ್ತೆ. ಸಮಾಧಾನಕ್ಕೆ ಅಂತ ಸುಳ್ಳು ಹೇಳಲಿಲ್ಲ ನೋಡಿ ಆ ಮನುಷ್ಯ.

ಸುದ್ದಿ ಕೆರೆ ದಾಟಿತು. ಶನಿವಾರ ಬಿಸಿಲೇರೋ ಹೊತ್ತಿಗೆ ಬೆಟ್ಟವ್ವ ಗಂಡನಿಗೆ ಹೇಳಿದಳು, ನಿನ್ನ ಗಂಜಿಗೆ ಅವರ ಹಬ್ಬ ಹೋಯ್ತು ಅಂತ. ಜವರಯ್ಯ ಆಗ ಹಾಸಿಗೆ ಮೇಲೆ ಎದ್ದು ಕೂರೋ ಹಂಗಾಗಿದ್ದ. ಕೂತಲ್ಲೇ ಕೇಳಿದನಂತೆ, ಆ ಅಕ್ಕನ ಹೊಲದ ಬದು ಯಾರಾದ್ರೂ ಅಗೆದವ್ರಾ ಅಂತ. ಯಾರು ಅಗೀತಾರೆ? ಕೊಪ್ಪಲವರಿಗೆ ಇಲಿ ಬಿಲದ ತೆನೆ ಅಂದರೆ ಅವಮಾನ. ಜವರಯ್ಯ ಕೋಲು ತಗೊಂಡ, ಇನ್ನೊಂದು ಕಡೆ ಹೆಂಡತಿ ಹೆಗಲು ಹಿಡಿದ, ನಿಂತು ನಿಂತು ಸುಧಾರಿಸಿಕೊಂಡು ಕೆರೆ ಸುತ್ತಿ ಬಂದ.

ಬೇಲಿ ಹತ್ತಿರ ಅವನನ್ನ ಕಂಡದ್ದೇ ತಡ, ಮತ್ತೆ ಮೇಯಿಸೋಕೆ ಬಂದ್ಯೇನ್ಲಾ ಅಂತ ಇನ್ನಾಸಪ್ಪ ಗುಡುಗಿದ. ಮೇಯಿಸೋಕೆ ಅಲ್ಲಿ ಏನಿತ್ತು ಮಣ್ಣು! ಆ ಕೂಗಿಗೆ ಕಿತ್ತೇರಮ್ಮ, ಸ್ವಾಮಿಗಳು, ಊರಿನವರೆಲ್ಲ ಬಂದು ಸೇರಿದರು. ಜವರಯ್ಯನಿಗೆ ಜಗಳ ಆಡೋಕೂ ಶಕ್ತಿ ಇರಲಿಲ್ಲ. ಬದುವಿನ ಮೇಲೆ ಕುಸಿದು ಕೂತು, ಕೋಲಲ್ಲಿ ನೆಲ ಕುಟ್ಟಿ, "ಇಲ್ಲಿ ಅಗೀರಿ ಗೌಡ್ರೇ" ಅಂದ.

"ಯಾಕೆ?"

"ಅಗೀರಿ. ಇಲಿ ಕಾಳು ಬಿಡಲ್ಲ."

ಕಿತ್ತೇರಮ್ಮನಿಗೆ ತಟ್ಟನೆ ಹೊಳೀತು. ಗುದ್ದಲಿ ತಂದು ಇನ್ನಾಸಪ್ಪನ ಕೈಗೇ ಕೊಟ್ಟಳು. ಕೈಗೆ ಬಂದ ಗುದ್ದಲಿ, ಊರೆಲ್ಲ ನೋಡ್ತಾ ಇದೆ, ಏನು ಮಾಡ್ತಾನೆ? ಅಗೆದ. ಮೊದಲ ಬಿಲದಲ್ಲಿ ಒಣ ಹುಲ್ಲು, ಅಷ್ಟೇ. ಜವರಯ್ಯ ಇನ್ನೊಂದು ಕಡೆ ಕುಟ್ಟಿದ. ಅಲ್ಲಿ ಅಗೆದರೆ ಸರಸರ ಅಂತ ಒಂದು ಕೇರೆ ಹಾವು ಈಚೆಗೆ ಬಂತು. ಯಜಮಾನ ಇನ್ನಾಸಪ್ಪ ಪಂಚೆ ಎತ್ತಿಕೊಂಡು ಹಾರಿದ ಹಾರಾಟಕ್ಕೆ ಊರೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ತಪಸ್ಸು ಕಾಲದಲ್ಲಿ ಅಷ್ಟು ನಗೋದು ಪಾಪವೋ ಏನೋ, ಸ್ವಾಮಿಗಳೂ ಗಡ್ಡದ ಹಿಂದೆ ನಕ್ಕರಂತೆ. ನಕ್ಕ ಮೇಲೆ ಕೋಪ ಎಲ್ಲಿ ನಿಲ್ಲುತ್ತೆ? ಕೊಪ್ಪಲ ಗಂಡಸರೆಲ್ಲ ಕೈ ಹಾಕಿದರು. ಜವರಯ್ಯ ಕೂತಲ್ಲಿಂದಲೇ ಕೋಲು ತೋರಿಸಿದ, ಇವರು ಅಗೆದರು.

ಬದುವಿನ ಮೂಲೇಲಿ, ಮೊಣಕೈ ಆಳದಲ್ಲಿ, ಗುದ್ದಲಿ ಬಾಯಿಗೆ ಗೋಧಿ ತೆನೆ ಸಿಕ್ಕಿತು. ಒಣಗಿದ, ಗಟ್ಟಿ ತೆನೆ. ಮನೆ ಹೆಂಗಸು ಸೌದೆ ಜೋಡಿಸೋ ಹಂಗೆ ಒಂದರ ಪಕ್ಕ ಒಂದು ಜೋಡಿಸಿಟ್ಟಿತ್ತು ಇಲಿ. ಇನ್ನಾಸಪ್ಪ ಮಂಡಿಯೂರಿ, ಎರಡೂ ಕೈಯಲ್ಲಿ ಬಾಚಿ ಬಾಚಿ ಮೊರಕ್ಕೆ ಹಾಕಿದ. ಮೊರ ತುಂಬಿತು. ಇನ್ನೂ ಇತ್ತು. ಸಾಕು ಬಿಡಪ್ಪ, ಅದಕ್ಕೂ ಮಕ್ಕಳುಮರಿ ಇರ್ತವೆ ಅಂತ ಕಿತ್ತೇರಮ್ಮ ಬಿಲಕ್ಕೆ ಮಣ್ಣು ಮುಚ್ಚಿಸಿದಳಂತೆ.

ಇಲಿ ಮುಟ್ಟಿದ್ದು ಪೂಜೆಗೆ ಆಗ್ತದಾ ಅಂತ ಯಾರೋ ಪಿಸುಗುಟ್ಟಿದರು. ಸ್ವಾಮಿಗಳು ಒಂದು ತೆನೆ ತಗೊಂಡು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡು ಅಗಿದರು. "ಗೋಧಿ" ಅಂದರು.

ಇನ್ನಾಸಪ್ಪ ಎದ್ದು ಹೋದ. ಗುಡಿ ಮೆಟ್ಟಿಲ ಮೇಲೆ ಹಂಗೇ ಬಿದ್ದಿದ್ದ ಅಚ್ಚನ್ನ ತಂದು, ತನ್ನ ಪಂಚೇಲೇ ಒರೆಸಿ, ತಲೆ ತಗ್ಗಿಸಿ ಕಿತ್ತೇರಮ್ಮನ ಕೈಗೆ ಕೊಟ್ಟ. "ತಗೊಳ್ಳವ್ವ" ಅಂದ. ಅವಳು ಅದನ್ನ ಎದೆಗೆ ಒತ್ತಿಕೊಂಡಳು. ಆದರೂ ಸುಮ್ಮನಿರ್ತಾಳಾ? ಹಾವಿಗೆ ಹಾರಿದಂಗೆ ಒಲೆಗೆ ಸೌದೆ ತರೋಕೂ ಹಾರು ಅಂದಳಂತೆ.

ಪಾಸ್ಕದ ಬೆಳಗ್ಗೆ ಪೂಜೆ ಆಯ್ತು. ಆ ಮುದಿ ತಾಯಿಗೆ ಹಾಸಿಗೆ ಹತ್ತಿರಕ್ಕೇ ಪ್ರಸಾದ ಹೋಯ್ತು. ಬೆಟ್ಟವ್ವ, ಜವರಯ್ಯ, ಜ್ವರದಿಂದ ಎದ್ದ ದೊಡ್ಡಿಯವರು ಗುಡಿ ಹೊರಗೆ ನಿಂತಿದ್ದರು. ಅವರು ನಮ್ಮ ಪ್ರಸಾದ ತಗೊಳ್ಳೋ ಹಂಗಿಲ್ಲವಲ್ಲ. ಕಿತ್ತೇರಮ್ಮ ಅದಕ್ಕೂ ಯೋಚನೆ ಮಾಡಿಟ್ಟಿದ್ದಳು. ಪೂಜೆ ಮುಗಿದದ್ದೇ ಕುಕ್ಕೆ ತುಂಬ ಬಿಸಿ ರಾಗಿ ರೊಟ್ಟಿ ತಂದು ಬಾಗಿಲಲ್ಲಿ ನಿಂತು, ಒಳಗಿಂದ ಬಂದವರಿಗೂ ಹೊರಗೆ ನಿಂತವರಿಗೂ ಮುರಿದು ಮುರಿದು ಕೊಟ್ಟಳು. ನೆಂಟನದ್ದಾಯ್ತು, ಇದು ನಮ್ಮದು ಅಂದಳಂತೆ. ಸ್ವಾಮಿಗಳೂ ಕೈ ಒಡ್ಡಿ ಒಂದು ಚೂರು ಈಸಿಕೊಂಡರು.

ಆಮೇಲೆ ಅವಳು ಬಹಳ ಕಾಲ ಬದುಕಿದಳು. ವರ್ಷ ವರ್ಷ ಬಿತ್ತಿದಳು, ಬೈದಳು, ಕೊಟ್ಟಳು. ಯಾರಿಗೆ ಜ್ವರ ಬಂದರೂ ಗಂಜಿ ತಗೊಂಡು ಹೋಗಿ, ಏನು, ನೆಂಟ ಬಂದವ್ನಂತೆ ಅನ್ನೋಳಂತೆ. ಕಡೆಗೆ ಒಂದು ತಪಸ್ಸು ಕಾಲ, ಗೋಧಿ ಕೊಯ್ದ ಮೇಲೆ, ಅವಳೇ ಮಲಗಿದಳು. ಮೇಲೆ ಏಳಲಿಲ್ಲ. ಬೆಟ್ಟವ್ವ ಆಗ ತಾನೂ ಹಣ್ಣು ಹಣ್ಣು ಮುದುಕಿ. ಕೆರೆ ಸುತ್ತಿಕೊಂಡು ಗಂಜಿ ತಂದು, ತಲೆ ಎತ್ತಿ ಹಿಡಿದು, ಕಿವಿ ಹತ್ತಿರ ಹೇಳಿದಳಂತೆ.

"ಅಕ್ಕಾ, ನೆಂಟ ಈ ಸಲ ನಿನ್ನ ಮನೆಗೆ ಬಂದವ್ನೆ."

ಕಿತ್ತೇರಮ್ಮ ಕಣ್ಣು ಬಿಟ್ಟು ನಕ್ಕಳಂತೆ.

"ಬಂದ್ನಾ? ಊರೋರ ಮನೆಯೆಲ್ಲಾ ಸುತ್ತಿ, ಕೊನೆಗೂ ಬಂದ್ನಾ?"

ಗಂಜಿ ಒಂದು ಗುಟುಕು ಕುಡಿದಳು. ಅದೇ ಕಡೇದು.

ಅವಳ ಪಟ ಗುಡೀಲಿಲ್ಲ. ದೊಡ್ಡ ಗುರುಗಳು ಯಾರೂ ಅವಳನ್ನ ಸಂತಳು ಅಂತ ಸಾರಿಲ್ಲ, ಸಾರಲಿ ಅಂತ ನಾವೂ ಕೇಳಿಲ್ಲ. ಆದರೆ ಕೆರೆ ಅಂಚಿನ ಆ ತುಂಡು ನೆಲ ಇವತ್ತಿಗೂ ಕಿತ್ತೇರಮ್ಮನ ಗದ್ದೆ. ಸತ್ತವರ ಹಬ್ಬದ ಮಾರನೇ ದಿನ ಅದಕ್ಕೆ ಬಿತ್ತನೆ. ಕೊಯ್ಯುವಾಗ ಬದುವಿನ ಮೂಲೇಲಿ ಒಂದು ಹಿಡಿ ತೆನೆ ಬಿಡ್ತಾರೆ, ಅದು ಇಲೀದು. ಪಾಸ್ಕಕ್ಕೆ ಮುಂಚೆ ಗೋಧಿ ತುಂಬಿದ ಮೊರ ಹೊತ್ತು ಹೊರಡ್ತಾರೆ, ಮೊದಲು ದೊಡ್ಡಿ, ಆಮೇಲೆ ಕೊಪ್ಪಲು. ಪ್ರತಿ ಬಾಗಿಲಲ್ಲೂ ನಿಂತು, ನೆಂಟ ಬಂದವ್ನಾ ಅಂತ ಕೇಳ್ತಾರೆ. ಮಲಗಿದವರಿದ್ದರೆ ಬಂದವ್ನೆ ಅಂತಾರೆ, ಆ ಮನೆಗೆ ಒಂದು ಪಾವು. ಇಲ್ಲ ಅಂದರೆ ಮುಂದಿನ ಬಾಗಿಲು. ಎಲ್ಲ ಸುತ್ತಿ ಉಳಿದದ್ದು ಗುಡಿಗೆ, ಪೂಜೆ ರೊಟ್ಟಿಗೆ.

ಒಂದೊಂದು ವರ್ಷ ಏನೂ ಉಳಿಯಲ್ಲ. ಆ ವರ್ಷ ಪಟ್ಟಣದಿಂದ ತಂದ ರೊಟ್ಟೀಲೇ ಪೂಜೆ ಮಾಡ್ತಾರೆ. ಮೊರ ಮಾತ್ರ ಖಾಲಿ ಅಂತ ಮನೆಗೆ ವಾಪಸ್ ತಗೊಂಡು ಹೋಗಲ್ಲ. ಆ ಖಾಲಿ ಮೊರವನ್ನೇ ತಂದು ಗುಡಿಯ ಪೂಜೆ ಪೀಠದ ಮುಂದೆ ಇಡ್ತಾರೆ, ಜನ ಬಂದು ಅದಕ್ಕೆ ಮುತ್ತಿಟ್ಟು ಹೋಗ್ತಾರೆ.